ಸೇವಂತಿಯಕ್ಕ ಹಾಸಿಗೆ ಹಿಡಿದದ್ದು

ಸೇವಂತಿಯಕ್ಕನಿಗೆ ಬಂಗಾರ ಬೇಡ, ಬಂಗಲೆ ಬೇಡ, ಕಾಶಿಯಾತ್ರೆಯೂ ಸದ್ಯಕ್ಕೆ ಬೇಡ. ಅವಳಿಗೆ ಬೇಕಾದದ್ದು ಮಧ್ಯಾಹ್ನದ ಒಂದು ನಿದ್ದೆ. ಊಟದ ಪಾತ್ರೆ ತೊಳೆದು ಕವುಚಿಟ್ಟ ಮೇಲೆ, ಸಂಜೆಯ ನಳ್ಳಿ ನೀರು ಬರುವುದರೊಳಗೆ, ಹಾಲ್‌ನ ಫ್ಯಾನಿನ ಕೆಳಗೆ ಚಾಪೆ ಹಾಸಿ, ಸೆರಗಿನ ತುದಿಯನ್ನು ಮುಖಕ್ಕೆಳೆದುಕೊಂಡು, ಲೋಕದ ಸಹವಾಸವೇ ಸಾಕು ಎಂಬಂತೆ ಮಲಗಿಬಿಡುವುದು. ಮದುವೆಯಾಗಿ ಕಾರ್ಕಳದ ಕಡೆಯಿಂದ ಭಾಂಡುಪಿಗೆ ಬಂದಂದಿನಿಂದ ಅವಳು ಅನುಭವಿಸಿಕೊಂಡು ಬಂದ ಸ್ವಂತ ಆಸ್ತಿ ಎಂದರೆ ಅದೊಂದೇ. ಗಂಡ ಚೆನ್ನಯಣ್ಣ ಬೆಳಕು ಹರಿಯುವ ಮೊದಲೇ ಕುರ್ಲಾದ ಹೋಟೆಲಿಗೆ ಹೋಗಿ ಗಲ್ಲಾದಲ್ಲಿ ಕೂತರೆ ಮರಳುವುದು ಕತ್ತಲಾದ ಮೇಲೆ. ಮಗ ಅಕ್ಷಯ ಶಾಲೆ, ಕಾಲೇಜು, ಕ್ಲಾಸು ಎಂದು ಹೊರಗೇ ಬೆಳೆದ. ನಡುವಿನ ಹೊತ್ತಿನಲ್ಲಿ ಮನೆ ಸೇವಂತಿಯಕ್ಕನ ಸಾಮ್ರಾಜ್ಯ. (ಸಾಮ್ರಾಜ್ಯದ ವಿಸ್ತೀರ್ಣ ಒಂದು ಹಾಲ್, ಒಂದು ಕಿಚನ್. ಇರುವುದು ಮೂರನೆಯ ಮಾಳಿಗೆಯಲ್ಲಿ. ಲಿಫ್ಟ್ ಉಂಟು, ನಡೆಯುವುದಿಲ್ಲ.)

ಆ ಸಾಮ್ರಾಜ್ಯ ಪತನವಾದದ್ದು ಒಂದು ಲ್ಯಾಪ್‌ಟಾಪಿನಿಂದ. ಕೊರೋನಾ ಕಾಲದಲ್ಲಿ ಅಕ್ಷಯನಿಗೆ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾವುದೋ ದೇಶದವರ ವಿಮೆಯ ತಕರಾರುಗಳನ್ನು ಇಲ್ಲಿ ಕೂತು ಬಗೆಹರಿಸುವ ಕೆಲಸ. ಕಂಪನಿಯವರು ಅವನನ್ನು ಆಫೀಸಿಗೆ ಕರೆಸಿಕೊಳ್ಳುವ ಬದಲು ಲ್ಯಾಪ್‌ಟಾಪನ್ನೇ ಮನೆಗೆ ಕಳಿಸಿದರು. ಆಮೇಲೆ ಕೊರೋನಾ ಹೋಯಿತು, ಲ್ಯಾಪ್‌ಟಾಪ್ ಹೋಗಲಿಲ್ಲ. ಅದಕ್ಕೊಂದು ಮೇಜು ಬಂತು, ಮೇಜಿಗೊಂದು ಕುರ್ಚಿ ಬಂತು, ಎರಡೂ ಸರಿಯಾಗಿ ಫ್ಯಾನಿನ ಕೆಳಗೆ, ಅಂದರೆ ಸೇವಂತಿಯಕ್ಕನ ಚಾಪೆಯ ಜಾಗದಲ್ಲಿ, ಪ್ರತಿಷ್ಠಾಪನೆಗೊಂಡವು.

ಅಂದಿನಿಂದ ಮನೆಯಲ್ಲಿ ನಿಷೇಧಾಜ್ಞೆ. ಬೆಳಿಗ್ಗೆ ‘ಸ್ಟ್ಯಾಂಡಪ್’ ಎಂಬ ಮೀಟಿಂಗ್ ಇರುತ್ತದೆ (ಎಲ್ಲರೂ ಕೂತುಕೊಂಡೇ ಮಾಡುವುದು), ಆಗ ಕುಕ್ಕರ್ ಸೀಟಿ ಹೊಡೆಯಬಾರದು. ಸೀಟಿ ಹೊಡೆಯದೆ ಕುಕ್ಕರ್ ಏನು ಮಾಡಬೇಕು ಎಂದು ಅವಳು ಕೇಳಿದರೆ ಮಗ ಕಿವಿಗೆ ಹೆಡ್‌ಫೋನ್ ಏರಿಸಿಕೊಳ್ಳುತ್ತಿದ್ದ. ಮಿಕ್ಸಿ ತಿರುಗಿಸಬಾರದು. ತೆಂಗಿನಕಾಯಿ ಒಡೆಯಬಾರದು. ಫ್ಯಾನು ಕಿರುಗುಟ್ಟುವುದು ಆಚೆಯವರಿಗೆ ಕೇಳುತ್ತದೆಂದು ಅದನ್ನೂ ಆರಿಸಿ, ಮಗ ಬೆವರಿಳಿಸಿಕೊಂಡು ಕೂರುತ್ತಿದ್ದ. ಯಾರಿಗೂ ಬೇಡವಾದ ಆ ಫ್ಯಾನನ್ನು ಅಡುಗೆಮನೆಯ ಬಾಗಿಲಿಂದ ನೋಡುವಾಗ ಸೇವಂತಿಯಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು.

ಎಲ್ಲಕ್ಕಿಂತ ದೊಡ್ಡ ಕಾಟ ಕ್ಯಾಮೆರಾದ್ದು. ಅದರ ದೃಷ್ಟಿ ಇಡೀ ಹಾಲ್‌ನ ಮೇಲೆ. ಮೀನು ಮಾರುವ ಮಾವಶಿ ಬಾಗಿಲಲ್ಲಿ ಕೂಗಿದರೆ ಸೇವಂತಿಯಕ್ಕ ಸೊಂಟ ಬಗ್ಗಿಸಿ, ಗೋಡೆಗೆ ಅಂಟಿಕೊಂಡು, ಕಳ್ಳನ ಹಾಗೆ ತನ್ನದೇ ಮನೆಯನ್ನು ದಾಟಿ ಬಂಗುಡೆ ತೆಗೆದುಕೊಳ್ಳಬೇಕಾಗಿತ್ತು. ಬಗ್ಗಿ ಬಗ್ಗಿ ಅದೇ ರೂಢಿಯಾಗಿ, ಬಿಲ್ಡಿಂಗಿನ ಹೆಂಗಸರು ಬೆನ್ನುನೋವಿಗೆ ಯಾವ ಡಾಕ್ಟರರಿಗೆ ತೋರಿಸುತ್ತಿದ್ದೀರಿ ಎಂದು ವಿಚಾರಿಸತೊಡಗಿದರು. ಕ್ಯಾಮೆರಾಕ್ಕೆ ಹೆದರದೆ ಇದ್ದವಳು ಸೇವಂತಿಯಕ್ಕನ ಅಮ್ಮ ಒಬ್ಬಳೇ. ಅವಳು ಗಂಧದ ಹಾರ ಹಾಕಿಸಿಕೊಂಡು, ಮೇಜಿನ ಹಿಂದಿನ ಗೋಡೆಯಲ್ಲಿ ಫೋಟೋ ಆಗಿದ್ದಳು. ಎಲ್ಲ ಮೀಟಿಂಗಿಗೂ ತಪ್ಪದೆ ಹಾಜರಾಗುತ್ತಿದ್ದ ಈ ಅಜ್ಜಿ ಅಕ್ಷಯನ ಆಫೀಸಿನಲ್ಲೆಲ್ಲ ಪರಿಚಿತಳು. ತಲೆಯ ಹಿಂದೆ ನಗುವವರು ಯಾರು ಎಂದು ಅವರು ಮೊದಲ ವಾರವೇ ಕೇಳಿ ತಿಳಿದುಕೊಂಡಿದ್ದರು.

ಬದುಕಿದ್ದಾಗ ಆ ಅಜ್ಜಿಯದು ಒಂದೇ ಧರ್ಮ. ಹೊಸ್ತಿಲು ದಾಟಿದವರಿಗೆ ಮೊದಲು ಕುಡಿಯಲು ನೀರು, ಬಾಯಿಗೊಂದು ತುಂಡು ಬೆಲ್ಲ. ಯಾರು, ಎಲ್ಲಿಂದ, ಯಾಕೆ ಬಂದದ್ದು ಎಂಬುದೆಲ್ಲ ಆಮೇಲೆ. ಸೇವಂತಿಯಕ್ಕ ಮುಂಬಯಿಗೆ ಬಂದ ಮೇಲೂ ಇದನ್ನು ಬಿಟ್ಟವಳಲ್ಲ. ಗ್ಯಾಸ್ ಸಿಲಿಂಡರ್ ತಂದವನೂ ಅವಳ ಮನೆಯಲ್ಲಿ ಬೆಲ್ಲ ತಿನ್ನದೆ ಹೋಗುವ ಹಾಗಿಲ್ಲ.

ಹೀಗಿರುವಾಗ ಒಂದು ದಿನ ಕಂಪನಿಯಿಂದ ಮೇಲ್ ಬಂತು. ಇನ್ನು ಮುಂದೆ ವಾರಕ್ಕೆ ಮೂರು ದಿನವಾದರೂ ತಂಡದವರೆಲ್ಲ ಒಂದೇ ಸೂರಿನ ಕೆಳಗೆ ಕೂತು ಕೆಲಸ ಮಾಡಬೇಕು, ಹಾಗೆ ಕೂತರೆ ಮಾತ್ರ ಬಾಂಧವ್ಯ ಬೆಳೆಯುತ್ತದೆ ಎಂದು ಅದರಲ್ಲಿತ್ತು. ಮಗ ಅದನ್ನು ಓದಿ ತಲೆಯ ಮೇಲೆ ಕೈ ಹೊತ್ತು ಕೂತ. ಸೇವಂತಿಯಕ್ಕ ಅಡುಗೆಮನೆಗೆ ಹೋಗಿ ದೇವರ ಮುಂದೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದಳು. ವಾರಕ್ಕೆ ಮೂರು ನಿದ್ದೆ. ಒಂದೂ ಇಲ್ಲದವಳಿಗೆ ಅಷ್ಟಾದರೂ ಆಯಿತಲ್ಲ.

ಆದರೆ ಅಕ್ಷಯ ಹೋಗಲೊಲ್ಲ. ಹಿಂದೊಮ್ಮೆ ಕೆಲವು ದಿನ ಹೋಗಿದ್ದ. ಭಾಂಡುಪಿನಲ್ಲಿ ಲೋಕಲ್ ಹತ್ತುವುದು ಯುದ್ಧ, ಘಾಟ್ಕೋಪರಿನಲ್ಲಿ ಇಳಿಯುವುದು ಇನ್ನೊಂದು ಯುದ್ಧ, ಅಲ್ಲಿಂದ ಮೆಟ್ರೋ ಹಿಡಿದು ಅಂಧೇರಿ ತಲುಪುವಾಗ ಅಂಗಿಯ ಗುಂಡಿ ಕಿತ್ತುಹೋಗಿರುತ್ತಿತ್ತು. ಸಂಜೆ ಬಂದವನು ಬೂಟು ಬಿಚ್ಚದೆ ಗೋಡೆಗೊರಗಿ ಹಾಗೆಯೇ ನಿದ್ದೆ ಹೋಗುತ್ತಿದ್ದ. ಅನ್ನ ಕಲಸಿ ಬಾಯಿಗಿಟ್ಟರೂ ಜಗಿಯಲು ಮರೆಯುತ್ತಿದ್ದ. ಅದನ್ನು ನೆನೆದರೆ ಸೇವಂತಿಯಕ್ಕನಿಗೆ ಕರುಳು ಚುರುಕ್ ಎನ್ನುತ್ತದೆ, ಸುಳ್ಳೇಕೆ. ಆದರೆ ಕರುಳಿನ ಜೊತೆಗೆ ಅವಳಿಗೆ ಕಣ್ಣುಗಳೂ ಇದ್ದವಲ್ಲ, ಅವು ಮಧ್ಯಾಹ್ನವಾದರೆ ತಾವಾಗಿ ಮುಚ್ಚುತ್ತಿದ್ದವು.

ಚೆನ್ನಯಣ್ಣನಿಗೆ ಹೇಳಿದರೆ ಅವನದು ಬೇರೆಯೇ ಪ್ರವರ. ತಾನು ಇಷ್ಟು ವರ್ಷ ಅದೇ ರೈಲಿನಲ್ಲಿ ಹೋಗಿಲ್ಲವೇ, ಮನೆಯಲ್ಲಿ ಲುಂಗಿ ಉಟ್ಟು ಮಾಡುವುದನ್ನು ಕೆಲಸ ಎನ್ನುತ್ತಾರೆಯೇ, ಇಡ್ಲಿಯನ್ನು ಮನೆಯಲ್ಲೇ ಕೂತು ಬಡಿಸಲಿಕ್ಕೆ ಆಗುತ್ತದೆಯೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಗೊರಕೆ ಹೊಡೆಯುತ್ತಿದ್ದ.

ಕೆಲವು ದಿನ ಕಳೆದವು. ಮಗ ಮೇಜು ಬಿಟ್ಟು ಕದಲುವ ಲಕ್ಷಣವಿರಲಿಲ್ಲ. ಕಂಪನಿಯವರೂ ಸುಮ್ಮನಾಗಿಬಿಟ್ಟಿದ್ದರು. ಇದು ಹೇಗೆ ಎಂದು ಸೇವಂತಿಯಕ್ಕನಿಗೆ ಅರ್ಥವಾದದ್ದು, ಅವಳು ಅಂಗಡಿಯಿಂದ ಕುಚ್ಚಲಕ್ಕಿಯ ಚೀಲವನ್ನು ಸೊಂಟದ ಮೇಲಿಟ್ಟುಕೊಂಡು ಮೂರು ಮಾಳಿಗೆ ಹತ್ತಿ, ಏದುಸಿರು ಬಿಡುತ್ತ ಬಾಗಿಲ ಬಳಿ ನಿಂತಾಗ. ಒಳಗೆ ಮಗ ಫೋನಿನಲ್ಲಿ, ಬಹಳ ದುಃಖದ ದನಿಯಲ್ಲಿ, ಹಿಂದಿಯಲ್ಲಿ ಹೇಳುತ್ತಿದ್ದ. ಮಮ್ಮಿ ಹಾಸಿಗೆ ಹಿಡಿದು ತಿಂಗಳಾಯಿತು. ಎದ್ದು ಕೂರಲೂ ಆಗುವುದಿಲ್ಲ. ಬಾಯಿಗೆ ನೀರು ಬಿಡಲೂ ತಾನೇ ಬೇಕು. ತಾನು ಆಫೀಸಿಗೆ ಬಂದರೆ ಅವಳ ಗತಿ ಏನು.

ಟೀವಿಯ ಹಿಂದಿ ಸೀರಿಯಲ್ಲುಗಳ ಕೃಪೆಯಿಂದ ಸೇವಂತಿಯಕ್ಕನಿಗೆ ಹಿಂದಿಯ ದುಃಖವೆಲ್ಲ ಚೆನ್ನಾಗಿ ಅರ್ಥವಾಗುತ್ತದೆ. ಅವಳು ಅಕ್ಕಿಯ ಚೀಲವನ್ನು ಧೊಪ್ಪೆಂದು ಕೆಳಗಿಳಿಸಿದಳು.

“ನಾನು ಯಾವಾಗ ಮಾರಾಯ ಹಾಸಿಗೆ ಹಿಡಿದದ್ದು? ನನಗೊಂದು ಮಾತು ಹೇಳುದಲ್ವಾ?”

ಅಕ್ಷಯ ಫೋನ್ ಕಟ್ ಮಾಡಿ ಕಣ್ಣು ಕಣ್ಣು ಬಿಟ್ಟ. “ಅಮ್ಮ, ಹಾಗೆ ಸೀರಿಯಸ್ ಎಂತ ಅಲ್ಲ. ಬರೀ ಆಫೀಸಿನವರಿಗೆ ಹೇಳುದು.”

“ಹಾಸಿಗೆ ಕೊಡ್ತೇನೆ ಅಂದ್ರೆ ನಾನು ಬೇಡ ಹೇಳ್ತಿದ್ದೆನಾ? ಎಲ್ಲಿ ಉಂಟು ಹಾಸಿಗೆ, ಅದನ್ನೂ ತೋರಿಸು. ದೀವಾನ ಮಂಚದ ಮೇಲೆ ನಿನ್ನ ವಯರು, ನಿನ್ನ ಚಾರ್ಜರು. ನೆಲದಲ್ಲಿ ನಿನ್ನ ಕುರ್ಚಿ. ನಾನು ಹಿಡಿಯುದು ಎಲ್ಲಿಯದನ್ನು?”

“ಅಲ್ಲಿಗೆ ಹೋಗಿ ಮಾಡುದೆಂತ ಹೇಳು. ಅಲ್ಲಿಯೂ ಇದೇ ಲ್ಯಾಪ್‌ಟಾಪ್. ಪಕ್ಕದಲ್ಲಿ ಕೂತವನ ಹತ್ರ ಸಹ ಎಲ್ಲರೂ ಮೆಸೇಜ್‌ನಲ್ಲೇ ಮಾತಾಡುದು. ಅಷ್ಟಕ್ಕೆ ನಾನು ಟ್ರೈನ್‌ನಲ್ಲಿ ಸಾಯ್ಬೇಕಾ?”

ಸಾಯುವ ಮಾತು ಬಂದರೆ ಯಾವ ತಾಯಿ ವಾದ ಮುಂದುವರಿಸುತ್ತಾಳೆ. ಸೇವಂತಿಯಕ್ಕ ಸುಮ್ಮನೆ ಅಕ್ಕಿ ತೊಳೆಯಲು ಹೋದಳು. ತೊಳೆಯುತ್ತ ತೊಳೆಯುತ್ತ ಅವಳಿಗೆ ಸಿಟ್ಟು ಏರಿದ್ದು ಬೇರೆ ಕಾರಣಕ್ಕೆ. ಹಾಸಿಗೆ ಹಿಡಿದವಳು ಎಂಬ ಹೆಸರು ಬಂತು, ಹಾಸಿಗೆಯ ಸುಖ ಮಾತ್ರ ಬರಲಿಲ್ಲ.

ಆ ಸುಖವೂ ಬರುವುದರಲ್ಲಿತ್ತು. ಮರುವಾರ ಅಕ್ಷಯ ಬಿಳಿಚಿಕೊಂಡು ಅಡುಗೆಮನೆಗೆ ಬಂದ. ಅವನ ಟೀಮ್ ಲೀಡ್ ದಾನೇಶ್ವರಿ ಎಂಬ ಹುಡುಗಿ ಶನಿವಾರ ಮನೆಗೆ ಬರುತ್ತಾಳಂತೆ. ವಿಜಾಪುರದ ಕಡೆಯವರು, ಅಪ್ಪ ಗಾರೆ ಕೆಲಸಕ್ಕೆಂದು ಬಂದು ಕುರ್ಲಾದ ಚಾಳಿನಲ್ಲಿ ನೆಲೆನಿಂತದ್ದು. ಕನ್ನಡದವರ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾರೆಂದ ಮೇಲೆ ನೋಡಲು ಬರದಿದ್ದರೆ ಹೇಗೆ ಎಂದು ಅವಳ ಅವ್ವ ಬಯ್ದಳಂತೆ. ಬೇಡವೆಂದರೆ ಸಂಶಯ ಬರುತ್ತದೆ. ಬಂದರೆ ಸುಳ್ಳು ಹೊರಬೀಳುತ್ತದೆ, ಕೆಲಸ ಹೋಗುತ್ತದೆ.

“ಒಂದೇ ಒಂದು ಗಂಟೆ ಮಲಗಮ್ಮ,” ಎಂದು ಅವನು ಗೋಗರೆದ.

ಸೇವಂತಿಯಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ತನ್ನ ಇಷ್ಟು ವರ್ಷದ ಸಂಸಾರದಲ್ಲಿ ಅವಳನ್ನು ಮಲಗು ಎಂದು ಬೇಡಿಕೊಂಡವರು ಯಾರೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ದೀವಾನದ ವಯರುಗಳೆಲ್ಲ ಮಾಯವಾದವು. ಅಕ್ಷಯ ಮೇಜನ್ನು ಗೋಡೆಯ ಕಡೆಗೆ ಸರಿಸಿ, ದೀವಾನವನ್ನು ಎಳೆದು ಫ್ಯಾನಿನ ಕೆಳಗಿಟ್ಟ. ಒಗೆದ ಚಾದರ ಹಾಸಿದ, ಅಮ್ಮನ ಹಣೆಗೆ ನೋವಿನ ಮುಲಾಮು ಬಳಿದ, ಪಕ್ಕದ ಸ್ಟೂಲಿನ ಮೇಲೆ ಅಪ್ಪನ ಬೀಪಿ ಮಾತ್ರೆಗಳನ್ನು ಕಾಣುವ ಹಾಗೆ ಹರಡಿದ. ರೋಗಿಗೆ ಸೆಕೆ ಆಗಬಾರದೆಂದು ಫ್ಯಾನನ್ನೂ ಹಾಕಿದ. ಕಿರುಗುಟ್ಟುವ ಆ ಹಳೆಯ ದನಿ ಕಿವಿಗೆ ಬಿದ್ದದ್ದೇ ಸೇವಂತಿಯಕ್ಕನ ಕಣ್ಣು ತುಂಬಿ ಬಂತು. ನರಳಬೇಕು, ಕಣ್ಣು ಅರೆ ತೆರೆಯಬೇಕು, ಮಾತು ತೊದಲಬೇಕು ಎಂದು ಮಗ ಹೇಳಿಕೊಡುತ್ತಲೇ ಇದ್ದ. ಶಿಷ್ಯೆ ಅಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದಳು.

ಎಚ್ಚರವಾದಾಗ ಹಾಲ್‌ನಲ್ಲಿ ಒಂದು ಹೆಣ್ಣುದನಿ. ಸೇವಂತಿಯಕ್ಕ ರೆಪ್ಪೆಯ ಸಂದಿಯಿಂದ ನೋಡಿದಳು. ಎದುರಿನ ಕುರ್ಚಿಯಲ್ಲಿ ಸಣಕಲು ಹುಡುಗಿಯೊಬ್ಬಳು, ಬೆನ್ನಿಗೆ ಲ್ಯಾಪ್‌ಟಾಪಿನ ಚೀಲ, ತೊಡೆಯ ಮೇಲೆ ಸೇಬಿನ ಪೊಟ್ಟಣ. ಮೂರು ಮಾಳಿಗೆ ಹತ್ತಿ ಬಂದವಳ ಎದೆ ಇನ್ನೂ ಏರಿಳಿಯುತ್ತಿತ್ತು. ಟೀಮ್ ಲೀಡ್ ಎಂದರೆ ಹೋಟೆಲಿನ ಮಾಲಕರ ಹಾಗೆ ಹೊಟ್ಟೆ ಬಂದವಳು ಎಂದು ಎಣಿಸಿದ್ದ ಸೇವಂತಿಯಕ್ಕನಿಗೆ ಇದು ಊಟ ಸರಿಯಾಗಿ ಕಾಣದ ಮಗುವಿನಂತೆ ಕಂಡಿತು.

ಅಕ್ಷಯ ಚಹಾ ಮಾಡುತ್ತೇನೆಂದು ಒಳಗೆ ಹೋಗಿದ್ದ. ಡಬ್ಬಿಗಳನ್ನು ತೆರೆಯುವ, ಮುಚ್ಚುವ, ಮತ್ತೆ ಅದನ್ನೇ ತೆರೆಯುವ ಸದ್ದು ಕೇಳುತ್ತಿತ್ತು. ಅದು ಜೀರಿಗೆ, ಅದು ಮೆಂತೆ, ಅದರ ಪಕ್ಕದ್ದು, ಎಡಕ್ಕೆ, ಎಡಕ್ಕೆ ಎಂದು ಸೇವಂತಿಯಕ್ಕ ಮನಸ್ಸಿನಲ್ಲೇ ಕೂಗಿಕೊಂಡಳು. ರೋಗಿಯ ಕಾಲಿನ ಹೆಬ್ಬೆರಳು ಚಾದರದ ಅಡಿಯಲ್ಲಿ ಒಂದೇ ಸಮನೆ ಆಡುತ್ತಿತ್ತು. ಒಳಗೆ ಹಾಲು ಉಕ್ಕಿ ಸುಟ್ಟ ವಾಸನೆ ಬಂತು. ಅದನ್ನೂ ಹಲ್ಲು ಕಚ್ಚಿ ಸಹಿಸಿದಳು, ಮಗನ ಕೆಲಸದ ಪ್ರಶ್ನೆ.

ಆದರೆ ಹುಡುಗಿ ಒಣಗಿದ ಗಂಟಲಿನಿಂದ ಒಮ್ಮೆ ಕೆಮ್ಮಿದಳು. ಬಂದು ಅಷ್ಟು ಹೊತ್ತಾಯಿತು, ಒಂದು ಲೋಟ ನೀರು ಕೊಟ್ಟವರಿಲ್ಲ. ಗೋಡೆಯ ಮೇಲಿಂದ ಅಮ್ಮ ನೇರವಾಗಿ ತನ್ನನ್ನೇ ನೋಡುತ್ತಿದ್ದಾಳೆ ಎಂದು ಸೇವಂತಿಯಕ್ಕನಿಗೆ ಅನಿಸಿತು. ಎರಡನೆಯ ಸಲ ಕೆಮ್ಮು ಬಂದಾಗ ಏನಾಯಿತೆಂದು ಅವಳಿಗೂ ಗೊತ್ತಿಲ್ಲ. ಕಾಲುಗಳು ತಾವಾಗಿ ನೆಲಕ್ಕಿಳಿದವು. ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಸರಸರನೆ ಒಳಗೆ ಹೋಗಿ, ಮಗನನ್ನು ಮೊಣಕೈಯಿಂದ ಆಚೆ ಸರಿಸಿ, ತಂಬಿಗೆಯಲ್ಲಿ ನೀರು, ಬಟ್ಟಲಲ್ಲಿ ಬೆಲ್ಲ ತಂದು ಹುಡುಗಿಯ ಮುಂದಿಟ್ಟಳು.

“ತಕೊ ಮಗಾ. ಬಿಸಿಲಿಗೆ ಬಂದದ್ದು. ಊಟ ಆಯಿತಾ?”

ಕೇಳಿದ ಮೇಲೆ ಅವಳಿಗೆ ತಾನು ಹಾಸಿಗೆ ಹಿಡಿದದ್ದು ನೆನಪಾಯಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಷಯ ಚಹಾದ ಜಾಲರಿ ಹಿಡಿದು ಕಲ್ಲಾಗಿದ್ದ. ತಿರುಗಿ ಹೋಗಿ ಮಲಗಿಬಿಡಲೇ ಎಂದು ಸೇವಂತಿಯಕ್ಕ ಒಂದು ಕ್ಷಣ ಯೋಚಿಸಿದಳು. ಅದು ಚೆನ್ನಾಗಿರುವುದಿಲ್ಲ ಎಂದು ಅಲ್ಲೇ ನಿಂತಳು.

ದಾನೇಶ್ವರಿ ಇಬ್ಬರನ್ನೂ ನೋಡಿದಳು, ಮಾತ್ರೆಗಳನ್ನು ನೋಡಿದಳು, ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು.

“ಆಂಟಿ, ಬೆಲ್ಲ ಇನ್ನೊಂದ್ ತುಣುಕ್ ಐತೇನ್ರಿ?”

ಬೈಗುಳ ಬರಲಿಲ್ಲ. ಬೈಯಲಿಕ್ಕೆ ಆ ಹುಡುಗಿಯಲ್ಲಿ ತ್ರಾಣವಿರಲಿಲ್ಲ ಎಂದರೂ ಸರಿ. ಸೇವಂತಿಯಕ್ಕ ನೀರುದೋಸೆ ಹುಯ್ದು ಚಟ್ನಿಯ ಜೊತೆ ಕೊಟ್ಟಳು. ಹುಡುಗಿ ತಿನ್ನುತ್ತ ತಿನ್ನುತ್ತ ತನ್ನ ಕಥೆ ಹೇಳಿಕೊಂಡಳು. ಅವಳ ಮನೆಯೂ ಒಂದೇ ಕೋಣೆಯ ಖೋಲಿ, ಅದರೊಳಗೆ ಅಪ್ಪ, ಅವ್ವ, ಅಣ್ಣ, ಅತ್ತಿಗೆ, ಅವರ ಎರಡು ಮಕ್ಕಳು. ಹಾಗಾಗಿ ಅವಳು ಚಾಳಿನ ಮೆಟ್ಟಿಲ ಮೇಲೆ ಕೂತು ಮೀಟಿಂಗ್ ಮಾಡುವುದು, ಹತ್ತಿ ಇಳಿಯುವವರಿಗೆಲ್ಲ ದಾರಿ ಬಿಡುತ್ತ. ಆಫೀಸಿಗೆ ಹೋಗೋಣವೆಂದರೆ ಕಂಪನಿಯವರು ಕೊರೋನಾದಲ್ಲಿ ಅರ್ಧ ಜಾಗ ಬಿಟ್ಟುಕೊಟ್ಟಿದ್ದಾರೆ. ಈಗ ಬನ್ನಿ ಎಂದು ಕರೆದವರ ಬಳಿ ಕೂರಿಸಲು ಕುರ್ಚಿಯಿಲ್ಲ. ಅವಳ ತಂಡದವರು ಕ್ಯಾಂಟೀನಿನಲ್ಲಿ, ಎಂಜಲು ತಟ್ಟೆಗಳ ನಡುವೆ ಕೂರುತ್ತಾರೆ. ಮನೆ ಬೇಕು ಎನ್ನುವವರಿಗೆ ಮನೆಯಲ್ಲಿ ಜಾಗವಿಲ್ಲ, ಆಫೀಸು ಬೇಕು ಎನ್ನುವವರಿಗೆ ಆಫೀಸಿನಲ್ಲಿ ಜಾಗವಿಲ್ಲ, ತನಗೆ ಎರಡೂ ಸಾಕಾಗಿದೆ ಎಂದಳು.

ಒಂದು ಸಣ್ಣ ಕೆಲಸ ಮುಗಿಸಿಕೊಳ್ಳುತ್ತೇನೆಂದು ಅವಳು ಲ್ಯಾಪ್‌ಟಾಪ್ ತೆರೆದಳು. ಫ್ಯಾನು ತಿರುಗುತ್ತಿತ್ತು, ಒಳಗೆ ಒಗ್ಗರಣೆ ಚಟಪಟ ಎನ್ನುತ್ತಿತ್ತು. ಸಂಜೆಯ ನೀರು ಬರುವ ಹೊತ್ತಿಗೆ ತಲೆಯೆತ್ತಿ, ಇಡೀ ವಾರ ಆಗದ ಕೆಲಸ ಇಲ್ಲಿ ಕೂತು ಆಯಿತು ಎಂದು ಅವಳೇ ಬೆರಗಾದಳು.

ಹೊರಡುವಾಗ ಸೇವಂತಿಯಕ್ಕ ಅವಳನ್ನು ಮೆಟ್ಟಿಲವರೆಗೆ ಬಿಡಲು ಹೋಗಿ, ಮಗನಿಗೆ ಕೇಳದ ಹಾಗೆ ಕೈ ಹಿಡಿದುಕೊಂಡಳು. ಸುಳ್ಳು ಹೇಳಿದ್ದಕ್ಕೆ ಕೆಲಸದಿಂದ ತೆಗೆಯಬೇಡ, ಆದರೆ ಅವನನ್ನು ಹೀಗೆ ಮನೆಯಲ್ಲಿ ಕೂರಲು ಬಿಡಬೇಡ, ತನಗೆ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಬೇಕು, ಬೇರೇನೂ ಬೇಡ ಎಂದು ಹೇಳಿಯೇಬಿಟ್ಟಳು.

“ನೀವ್ ಚಿಂತಿ ಬಿಡ್ರಿ ಆಂಟಿ,” ಎಂದಳು ದಾನೇಶ್ವರಿ. “ಸೋಮವಾರದಿಂದ ಅವ ಮನ್ಯಾಗ ಒಬ್ಬನೇ ಕೂಡೂದಿಲ್ಲ. ನಾ ನೋಡ್ಕೋತೀನಿ.”

ಆ ಭಾನುವಾರ ಸೇವಂತಿಯಕ್ಕ ಚಾಪೆಯನ್ನು ಕೊಡವಿ ಬಿಸಿಲಿಗೆ ಹಾಕಿದಳು. ಸೋಮವಾರ ಬೆಳಿಗ್ಗೆ ಮಗನಿಗೆ ಡಬ್ಬಿ ಕಟ್ಟಿದಳು, ಅವನು ಯಾಕೆ ಎಂದು ಕೇಳಿದರೂ ಸುಮ್ಮನೆ ನಕ್ಕಳು. ಕುಕ್ಕರ್ ಸೀಟಿಯ ಮೇಲೆ ಸೀಟಿ ಹೊಡೆಯಿತು, ಅವಳು ತಡೆಯಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲು ತೆಗೆದರೆ ದಾನೇಶ್ವರಿ. ಅವಳ ಹಿಂದೆ ಮುಲುಂಡಿನಿಂದ ಬಂದ ಸಂತು ಎಂಬ ದಢೂತಿ ಹುಡುಗ. ಅವನ ಹಿಂದೆ ಕನ್ನಡಕ ಹಾಕಿದ ಇನ್ನೊಬ್ಬಳು ಹುಡುಗಿ. ಮೂವರ ಬೆನ್ನ ಮೇಲೂ ಚೀಲಗಳು. ಮೂವರೂ ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು ಬಹಳ ಮರ್ಯಾದೆಯಿಂದ ಒಳಗೆ ಬಂದರು.

ಕಂಪನಿಯ ಮೇಲ್‌ನಲ್ಲಿ ತಂಡದವರೆಲ್ಲ ಒಂದೇ ಸೂರಿನ ಕೆಳಗೆ ಕೂರಬೇಕೆಂದು ಇತ್ತಲ್ಲ, ಸೂರು ಯಾರದೆಂದು ಇರಲಿಲ್ಲ. ದಾನೇಶ್ವರಿ ಮೇಲಿನವರನ್ನು ಕೇಳಿದ್ದಳು. ಕುರ್ಚಿಗಳಿಗೆ ಬರಗಾಲವಿದ್ದ ಕಂಪನಿ ಸಂತೋಷದಿಂದ ಒಪ್ಪಿಕೊಂಡಿತು. ಎಲ್ಲರೂ ಸೆಂಟ್ರಲ್ ಲೈನಿನವರು, ಕುರ್ಲಾದಿಂದ ಭಾಂಡುಪಿಗೆ ಬೆಳಿಗ್ಗೆ ಉಲ್ಟಾ ದಿಕ್ಕು, ಸೀಟೇ ಸಿಗುತ್ತದೆ ಎಂದು ಅವಳು ಸಂಭ್ರಮದಿಂದ ವಿವರಿಸಿದಳು. ಸೇವಂತಿಯಕ್ಕ ಒಳಗೆ ಹೋಗಿ ಮೂರು ಲೋಟ ನೀರು, ಮೂರು ತುಂಡು ಬೆಲ್ಲ ತಂದಳು.

ಆ ಮಕ್ಕಳು ಒಳ್ಳೆಯವರಾಗಿದ್ದದ್ದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳ ಮಾಡಿ ಓಡಿಸಬಹುದಿತ್ತು. ಅವರು ಊಟ ಕೇಳಲಿಲ್ಲ, ತಮ್ಮ ತಮ್ಮ ಡಬ್ಬಿ ತಂದಿದ್ದರು. ಆದರೆ ಸಂತುವಿನ ಡಬ್ಬಿಯಲ್ಲಿ ನಿನ್ನೆಯ ಚಪಾತಿಯ ಮೇಲೆ ಉಪ್ಪಿನಕಾಯಿ ನೋಡಿದ ಮೇಲೆ ಸಾರು ಬಡಿಸದೆ ಇರುವುದು ಹೇಗೆ. ಸಾರು ಬಡಿಸಿದರೆ ಪಲ್ಯ, ಪಲ್ಯದ ಮರುದಿನ ಬಂಗುಡೆ. ಅವರು ತಟ್ಟೆ ತಾವೇ ತೊಳೆದರು, ಬರುವಾಗ ತರಕಾರಿ ತಂದರು, ಕನ್ನಡಕದ ಹುಡುಗಿ ತೆಂಗಿನಕಾಯಿಯನ್ನೂ ತುರಿದುಕೊಟ್ಟಳು. ಮೂರು ದಿನವೆಂದು ಶುರುವಾದದ್ದು ಐದು ದಿನವಾಯಿತು. ಚೆನ್ನಯಣ್ಣ ಇದನ್ನೆಲ್ಲ ಕೇಳಿ, ಇಡೀ ಜೀವಮಾನ ಗಲ್ಲಾದಲ್ಲಿ ಕೂತರೂ ತನಗೆ ಸ್ವಂತ ಹೋಟೆಲು ತೆಗೆಯುವ ಯೋಗ ಬರಲಿಲ್ಲ, ನೀನು ಮನೆಯಲ್ಲೇ ತೆಗೆದೆ ಎಂದು ಹೆಂಡತಿಯನ್ನು ಹೊಗಳಿ ಮಲಗಿದ. ಮಲಗುವವರನ್ನು ಕಂಡರೇ ಸೇವಂತಿಯಕ್ಕನಿಗೆ ಆಗ ಮೈ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಚೆನ್ನಯಣ್ಣ ಮರೆತುಹೋದ ಮಾತ್ರೆ ಕೊಡಲೆಂದು ಅವಳು ಕುರ್ಲಾಕ್ಕೆ ಹೊರಟಳು. ಆ ಹೊತ್ತಿನ ಸ್ಲೋ ಲೋಕಲ್, ಲೇಡೀಸ್ ಡಬ್ಬಿ ಖಾಲಿ ಖಾಲಿ. ಕಿಟಕಿಯ ಪಕ್ಕದ ಸೀಟು, ತಲೆಯ ಮೇಲೆ ಫ್ಯಾನು, ಒಂದಲ್ಲ, ಒಂದರ ಪಕ್ಕ ಒಂದು. ಯಾರೂ ಅವಳನ್ನು ಆಂಟಿ ಎನ್ನಲಿಲ್ಲ. ಎಚ್ಚರವಾದಾಗ ಕುರ್ಲಾ ಯಾವಾಗಲೋ ದಾಟಿ ಕೊನೆಯ ಸ್ಟೇಷನ್ ಸಿಎಸ್‌ಟಿ ಬಂದಿತ್ತು. ಅವಳು ಇಳಿಯಲಿಲ್ಲ. ಅದೇ ಗಾಡಿ ತಿರುಗಿ ಹೊರಟಿತು, ಅವಳೂ ಇನ್ನೊಂದು ಮಗ್ಗುಲಿಗೆ ತಿರುಗಿದಳು. ಚೆನ್ನಯಣ್ಣನಿಗೆ ಮಾತ್ರೆ ಸಿಕ್ಕಿದ್ದು ರಾತ್ರಿ ಮನೆಗೆ ಬಂದ ಮೇಲೆ.

ಮರುದಿನ ಸೇವಂತಿಯಕ್ಕ ಸ್ಟೇಷನ್ನಿಗೆ ಹೋಗಿ ತಿಂಗಳ ಪಾಸ್ ಮಾಡಿಸಿದಳು. ದಿನಾ ಮಧ್ಯಾಹ್ನ ಎಲ್ಲರಿಗೂ ಬಡಿಸಿ, ಒಳ್ಳೆಯ ಸೀರೆ ಉಟ್ಟು, ಹೆಗಲಿಗೆ ಒಂದು ಚೀಲ (ಅದರಲ್ಲಿ ತಲೆಯೊರಗಿಸಲು ಮಡಚಿದ ಟವೆಲು) ತಗಲಿಸಿಕೊಂಡು ಹೊರಟರೆ ಬಿಲ್ಡಿಂಗಿನ ಹೆಂಗಸರು ಆಫೀಸಿಗೋ ಎಂದು ಕೇಳುತ್ತಿದ್ದರು. ಹೌದೆಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದಳು. ಅವಳ ಬೆನ್ನು ನೆಟ್ಟಗಾಯಿತು, ಮುಖದಲ್ಲಿ ಕಳೆ ಬಂತು. ಮನೆಯಲ್ಲಿ ಕೇಳಿದರೆ ಸ್ವಲ್ಪ ಕೆಲಸ ಉಂಟು ಎಂದಷ್ಟೇ ಹೇಳುತ್ತಿದ್ದಳು.

ಹೀಗೆ ಎಷ್ಟು ದಿನ ನಡೆಯುತ್ತದೆ. ಒಂದು ಶುಕ್ರವಾರ ಅವಳು ಚೀಲ ತಗಲಿಸಿಕೊಂಡು ಬಾಗಿಲಿಗೆ ಬಂದಾಗ ನಾಲ್ವರೂ ಲ್ಯಾಪ್‌ಟಾಪ್ ಮುಚ್ಚಿ ಸಾಲಾಗಿ ಕೂತಿದ್ದರು. ಎದುರಿಗೆ ಒಂದು ಕುರ್ಚಿ ಖಾಲಿ ಇಟ್ಟಿದ್ದರು.

“ಆಂಟಿ, ಒಂದ್ ಐದ್ ಮಿನ್ಟ್ ಕೂಡ್ರಿ,” ಎಂದಳು ದಾನೇಶ್ವರಿ. ಅವಳ ದನಿ ಆ ದಿನ ಮೀಟಿಂಗಿನ ದನಿಯಾಗಿತ್ತು.

ಸೇವಂತಿಯಕ್ಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ದಾನೇಶ್ವರಿ ಬಹಳ ನಯವಾಗಿ ವಿಷಯ ತೆಗೆದಳು. ಮಧ್ಯಾಹ್ನ ಆಂಟಿ ಇಲ್ಲದಿದ್ದರೆ ಮನೆ ಭಣಭಣ ಎನ್ನುತ್ತದೆ. ಸಂತುವಿಗೆ ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಅಕ್ಷಯ ಮಾಡಿದ ಚಹಾವನ್ನು ಯಾರಿಗೂ ಕುಡಿಯಲಾಗುವುದಿಲ್ಲ. ಆಂಟಿಗೂ ತಮ್ಮ ಕೆಲಸ ಇರುತ್ತದೆ, ಗೊತ್ತು, ಪೂರಾ ಬೇಡ ಎನ್ನುವುದಿಲ್ಲ.

“ಮತ್ಲಬ್, ವಾರಕ್ಕ ಮೂರ್ ದಿನ ಆದ್ರೂ ನೀವ್ ಮನ್ಯಾಗ ಇರ್ಬೇಕ್ರಿ ಆಂಟಿ. ಒಟ್ಟಿಗೆ ಇದ್ರನ ಟೀಮ್ ಅನ್ನಿಸ್ತದ.”

ಸೇವಂತಿಯಕ್ಕ ಮಗನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ. ರೈಲು ತಪ್ಪುವ ಹೊತ್ತಾಗಿತ್ತು. ಕಿಟಕಿಯ ಪಕ್ಕದ ಸೀಟು ಕಣ್ಣ ಮುಂದೆ ಬಂತು, ಅದನ್ನು ಬಿಟ್ಟುಕೊಡಲು ಅವಳಿಗೆ ನಿಜಕ್ಕೂ ಅಳು ಬರುವ ಹಾಗಾಯಿತು. ಏನಾದರೂ ಒಂದು ನೆವ ಬೇಕು, ಯಾರೂ ಎದುರಾಡದ ನೆವ. ಅದು ಆ ಮನೆಯಲ್ಲಿ ಹುಡುಕಬೇಕಾಗಿರಲಿಲ್ಲ.

“ಆಗುದಿಲ್ಲ ಮಗಾ,” ಎಂದಳು ಸೇವಂತಿಯಕ್ಕ, ಬಹಳ ದುಃಖದ ದನಿಯಲ್ಲಿ. “ನನ್ನ ಅಮ್ಮ ಹಾಸಿಗೆ ಹಿಡಿದಿದ್ದಾರೆ. ಮಧ್ಯಾಹ್ನ ನಾನು ಹೋಗದಿದ್ರೆ ಬಾಯಿಗೆ ನೀರು ಬಿಡುವವರಿಲ್ಲ.”

ದಾನೇಶ್ವರಿ ಮೆಲ್ಲಗೆ ತಲೆಯೆತ್ತಿ ಗೋಡೆಯ ಕಡೆ ನೋಡಿದಳು. ಸಂತು ನೋಡಿದ. ಕನ್ನಡಕದ ಹುಡುಗಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಕ್ಷಯನೂ ನೋಡಿದ. ಕೊನೆಗೆ ಸೇವಂತಿಯಕ್ಕನೇ ತಿರುಗಿ ನೋಡಬೇಕಾಯಿತು. ಹಾಸಿಗೆ ಹಿಡಿದ ಅಮ್ಮ ಎಂದಿನಂತೆ ಗಂಧದ ಹಾರದೊಳಗಿಂದ ನಗುತ್ತಿದ್ದಳು.

“ನಿಮಗ ಯಾವ್ ಮೂರ್ ದಿನ ಸರಿಹೋಗ್ತಾವ್ರಿ ಆಂಟಿ?” ಎಂದು ದಾನೇಶ್ವರಿ ಕೇಳಿದಳು.

ಮಂಗಳವಾರ, ಬುಧವಾರ, ಗುರುವಾರ ಎಂದು ಸೇವಂತಿಯಕ್ಕ ಒಪ್ಪಿಕೊಂಡಳು. ಆ ದಿನದ ಸಿಎಸ್‌ಟಿ ಗಾಡಿ ಹೇಗೂ ಹೋಗಿಯಾಗಿತ್ತು. ಅವಳು ಚೀಲದಿಂದ ಟವೆಲು ತೆಗೆದು ಗೂಟಕ್ಕೆ ಹಾಕಿ, ಐದು ಮಂದಿಗೆ ಚಹಾಕ್ಕೆ ನೀರಿಟ್ಟಳು.